ಸೂಜಿ ಬದಲಿಸದ ಅಜ್ಜ, ಮ್ಯಾಟ್ ಕೊಂಡ ಮೊಮ್ಮಗ

ಇಯರ್‌ಫೋನ್ ಹಾಕ್ಕೊಂಡಿದ್ದೀರಿ ತಾನೆ? ಇವತ್ತಿನ ಕಥೆ ಒಂದು ಸೂಜಿಯದು.

ಮಾನ್ವಿಯ ನಮ್ಮ ಅಜ್ಜನ ಮನೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನ್ ಇತ್ತು. ಪೆಟ್ಟಿಗೆ ಯಾವಾಗಲೋ ಹೋಯ್ತು. ಉಳಿದದ್ದು ದಾಸರ ಪದದ ಒಂದೇ ಒಂದು ತಟ್ಟೆ, 78 ಆರ್‌ಪಿಎಂದು. ನಮ್ಮ ಕಡೆ ಈ ಪದಗಳು ಮನೆಮಾತು. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿಯಲ್ಲೇ ಬಾಳಿದವರು.

ರಾಯಚೂರಿನ ನನ್ನ ರೂಮಿನಲ್ಲಿ, ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ಮೇಲೆ ಆ ತಟ್ಟೆ ಹಾಕಿದೆ. ಕೇಳಿಸಿದ್ದು ಕಾದ ಎಣ್ಣೆಗೆ ಮಿರ್ಚಿ ಬಿಟ್ಟಂಥ ಸದ್ದು. ಹಾಡು ಅದರ ಹಿಂದೆ ಎಲ್ಲೋ.

ಆಮೇಲೆ ನಾನೇನು ಮಾಡಿದೆ? ಆನ್‌ಲೈನ್ ಶಾಪಿಂಗ್! ರಬ್ಬರ್ ಮ್ಯಾಟ್, ತಟ್ಟೆಯ ನಡುವೆ ಕೂರಿಸುವ ಹಿತ್ತಾಳೆ ತೂಕ, ದಪ್ಪನೆಯ ಕೇಬಲ್. ಸದ್ದು ಇದ್ದಂಗೇ ಇತ್ತು.

ಈ ವ್ಯಾಪಾರ ಹೊಸದೇನಲ್ಲ ಬಿಡಿ. 1902ರಲ್ಲಿ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಅಲ್ಲಿಂದ ಮುಂದೆ ತಟ್ಟೆಗಳ ಜೊತೆ ಸೂಜಿ ಡಬ್ಬಿಗಳೂ ಮನೆ ಸೇರಿದವು: ಸಾಫ್ಟ್ ಟೋನ್, ಲೌಡ್ ಟೋನ್. ಅದು ಸುಳ್ಳು ಜಾಹೀರಾತಲ್ಲ. ಆ ಪೆಟ್ಟಿಗೆಗೆ ಕರೆಂಟಿಲ್ಲ, ವಾಲ್ಯೂಮ್ ಗುಂಡಿಯಿಲ್ಲ. ದಪ್ಪ ಸೂಜಿ ಹೆಚ್ಚು ಕಂಪನ ದಾಟಿಸುತ್ತೆ, ತೆಳ್ಳಗಿನದು ಕಡಿಮೆ. ಸೂಜಿಯೇ ವಾಲ್ಯೂಮ್ ಗುಂಡಿ.

ಆದರೆ ಡಬ್ಬಿಯ ಮೇಲೆ ಇನ್ನೊಂದು ಮಾತಿರುತ್ತಿತ್ತು: ಒಂದು ಸೂಜಿ ಒಂದೇ ಸಲ. ಯಾಕಂದ್ರೆ ಆ ತಟ್ಟೆಗಳು ಅರಗಿನವು. ಅರಗಿನ ಜೊತೆ ಕಲ್ಲಿನ ನುಣ್ಣನೆ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಸೂಜಿ ಮೊದಲ ಸುತ್ತುಗಳಲ್ಲೇ ಸವೆದು ಗೆರೆಯ ಆಕಾರಕ್ಕೆ ಹೊಂದಿಕೊಳ್ಳುತ್ತಿತ್ತು. ಸುಮಾರು ಮೂರು ನಿಮಿಷದ ಹಾಡು ಮುಗಿಯುವಷ್ಟರಲ್ಲಿ ಅದರ ತುದಿ ಉಳಿಯಂತಾಗಿರುತ್ತಿತ್ತು. ಅದನ್ನೇ ಮತ್ತೆ ಇಟ್ಟರೆ ಹಾಡನ್ನೇ ಕೆತ್ತಿಹಾಕುತ್ತೆ.

ನಮ್ಮಮ್ಮ ಈಗಲೂ ಹೆಮ್ಮೆಯಿಂದ ಹೇಳ್ತಾಳೆ: "ನಮ್ಮಪ್ಪ ಒಂದು ಡಬ್ಬಿ ಸೂಜಿ ವರ್ಷಗಟ್ಟಲೆ ಬಳಸಿದ." ಅಜ್ಜ ನಾಕಾಣೆ ಉಳಿಸಿದ, ಹಾಡು ಸವೆಯಿತು.

ಒಂದು ತಟ್ಟೆ ಹೋದ್ರೆ ಏನೀಗ ಅಂತೀರಾ? ಗದುಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿಯೇ ಹುಚ್ಚು ಹತ್ತಿಸಿಕೊಂಡಿದ್ದು. 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕುತ್ತಾ ಮನೆ ಬಿಟ್ಟರು. ಅಂಗಡಿಯ ಆ ಸೂಜಿ ಮೊಂಡಾಗಿದ್ದರೆ?

ಇರಲಿ. ದೇವದುರ್ಗದ ಗೆಳೆಯನೊಬ್ಬ ಬಂದಾಗ ಒಂದು ಪರೀಕ್ಷೆ ಮಾಡಿದೆವು. ಒಂದು ಒಳ್ಳೆಯ ಎಲ್‌ಪಿ ಹಾಕಿ ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಅವನು ಹೇಳದೆ ಮ್ಯಾಟ್, ತೂಕ, ಕೇಬಲ್ ಬದಲಿಸುತ್ತಾ ಹೋದ. ನನಗೆ ಒಂದೂ ಗೊತ್ತಾಗಲಿಲ್ಲ. ತೂಕ ಸೊಟ್ಟಗಾದ ತಟ್ಟೆಗೆ ಉಪಯೋಗಕ್ಕೆ ಬರಬಹುದು, ನಮ್ಮ ಎಲ್‌ಪಿ ಸೊಟ್ಟಗಿರಲಿಲ್ಲ. ರಾಯಚೂರಿನ ಧೂಳನ್ನು ಬ್ರಷ್‌ನಿಂದ ಒರೆಸಿದಾಗ ಮಾತ್ರ ತಕ್ಷಣ ಗೊತ್ತಾಯ್ತು.

ಆಗ ಹೊಳೆಯಿತು. ಗೆರೆಯನ್ನು ಮುಟ್ಟುವುದು ಸದ್ದನ್ನು ಬದಲಿಸುತ್ತೆ: ಸೂಜಿ, ಅದರ ಭಾರ, ಧೂಳು. ಮುಟ್ಟದೇ ಇರುವುದು ಬಹುಪಾಲು ಜೇಬನ್ನಷ್ಟೇ ಬದಲಿಸುತ್ತೆ.

ಅಜ್ಜನ ತಟ್ಟೆಗೆ ನಾನು ಹಾಕಿದ್ದೇ ತಪ್ಪು ಸೂಜಿ. ಎಲ್‌ಪಿ ಬಂದದ್ದು 1948ರಲ್ಲಿ, ಅದರ ಗೆರೆ ಬಲು ಸಣ್ಣದು. 78ರ ಗೆರೆಗೆ ಮೂರು-ನಾಲ್ಕು ಪಟ್ಟು ದಪ್ಪ ತುದಿಯ ಸೂಜಿ ಬೇಕು. ಎಲ್‌ಪಿ ಸೂಜಿ ಆ ಗೆರೆಯ ತಳಕ್ಕಿಳಿದು ಕಸ ಕೆರೆಯುತ್ತಿತ್ತು, ಅಷ್ಟೇ.

78ರ ಸೂಜಿ ತರಿಸಿದೆ. ತೊಳೆಯಲು ತಂದಿದ್ದ ಆಲ್ಕೋಹಾಲ್ ಬಾಟಲಿಯನ್ನು ಪುಣ್ಯಕ್ಕೆ ಮುಚ್ಚಳ ತೆಗೆಯದೆ ಇಟ್ಟೆ. ವಿನೈಲ್ ಕ್ಲೀನರ್‌ನಲ್ಲಿರುವ ಆಲ್ಕೋಹಾಲಿಗೆ ಅರಗು ಕರಗುತ್ತೆ! ಮೆತ್ತನೆ ಬ್ರಷ್‌ನಿಂದ ಒರೆಸಿ ಸೂಜಿ ಇಳಿಸಿದೆ.

ದಪ್ಪ ತುದಿ ಗೆರೆಯ ಗೋಡೆಯಲ್ಲಿ ಸ್ವಲ್ಪ ಮೇಲೆ ಕೂತಿತು. ಅಲ್ಲಿ ಅಜ್ಜನ ಸೂಜಿ ಅಷ್ಟಾಗಿ ತಿಂದಿರಲಿಲ್ಲ. ಮಿರ್ಚಿ ಸದ್ದು ಇತ್ತು, ಅದರ ನಡುವಿಂದ ತಂಬೂರಿ ಎದ್ದಿತು, ಆಮೇಲೆ ದನಿ. ಅರ್ಧ ಹಾಡಿನವರೆಗೆ ಪದ ಪದವೂ ಸ್ಪಷ್ಟ. ಉಳಿದರ್ಧ ಹೋಗೇಬಿಟ್ಟಿದೆ, ಅದನ್ನು ಯಾವ ಸಾಮಾನೂ ವಾಪಸ್ ತರಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿ ಮಾನ್ವಿಗೆ ಕಳಿಸಿದೆ. ಅಮ್ಮ ಕೇಳಿ, ಉಳಿದರ್ಧವನ್ನು ತಾನೇ ಹಾಡಿ ವಾಯ್ಸ್ ಮೆಸೇಜ್ ಹಾಕಿದಳು. ಈಗ ಪೂರ್ತಿ ಹಾಡಿದೆ ನನ್ನ ಹತ್ರ.

ನಿಮ್ಮ ಮನೆ ಅಟ್ಟದಲ್ಲೂ ತಟ್ಟೆ ಇರಬಹುದು. ಮೊದಲು ಸೂಜಿ ನೋಡಿ. ಮುಂದಿನ ವಾರ ಸಿಗೋಣ.