ಮಿಕ್ಸಿಯ ಮೇಲಿನ ಅಪವಾದ

ಕರೆಂಟು ಬಿಲ್ಲು ಜಾಸ್ತಿ ಬಂದ ತಿಂಗಳು ನಮ್ಮ ಕಡೆಯ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಮಿಕ್ಸಿ. 'ಬೆಳಗಾದರೆ ಸಾಕು, ಗರಗರ ಅನ್ನಿಸ್ತೀರಲ್ಲ, ಬಿಲ್ಲು ಏರದೆ ಇನ್ನೇನಾಗುತ್ತೆ?' ಎಂಬ ಮಾತನ್ನು ಮಂಡ್ಯದ ನಮ್ಮ ಮನೆಯಲ್ಲೂ ಕೇಳಿದ್ದೇನೆ, ಮದ್ದೂರಿನ ಅಕ್ಕನ ಮನೆಯಲ್ಲೂ ಕೇಳಿದ್ದೇನೆ. ಹಾಗೆ ಹೇಳುವವರು ಸಾಮಾನ್ಯವಾಗಿ ಗೀಜರಿನ ಬಿಸಿನೀರಲ್ಲಿ ಆರಾಮಾಗಿ ಸ್ನಾನ ಮುಗಿಸಿ, ಗರಿಗರಿ ಇಸ್ತ್ರಿ ಷರ್ಟು ತೊಟ್ಟು ತಿಂಡಿಗೆ ಕೂತವರು. ಗೀಜರು ಸದ್ದು ಮಾಡುವುದಿಲ್ಲ. ಸದ್ದಿಲ್ಲದೆ ತಿನ್ನುವವರ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು?

ಈ ಅಪವಾದದಲ್ಲಿ ಸತ್ಯವೆಷ್ಟು ಎಂದು ಹುಡುಕಹೊರಟರೆ ಕಥೆ ಎಲ್ಲೋ ದೂರದಲ್ಲಿ ಸಿಕ್ಕುವುದಿಲ್ಲ, ನಮ್ಮ ಮಳವಳ್ಳಿ ತಾಲೂಕಿನಲ್ಲೇ ಸಿಕ್ಕುತ್ತದೆ. ಮೈಸೂರು ಸೀಮೆಯ ಕರೆಂಟಿಗೆ ತವರುಮನೆ ಶಿವನಸಮುದ್ರ. ಕಾವೇರಿ ಧುಮುಕುವ ಆ ಜಾಗದಲ್ಲಿ ವಿದ್ಯುತ್ ತೆಗೆಯುವ ಯೋಜನೆ ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೆರ್ ಅವರದು, ಒತ್ತಾಸೆ ದಿವಾನ್ ಶೇಷಾದ್ರಿ ಅಯ್ಯರ್ ಅವರದು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಹಡಗೇರಿ ಬಂದವು. 1902ರ ಜೂನ್‌ನಲ್ಲಿ ಯಂತ್ರ ತಿರುಗಿತು. ಪಾಪ, ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು.

ಆ ಕರೆಂಟು ಹೋದದ್ದು ಎಲ್ಲಿಗೆ? ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟುದ್ದದ ತಂತಿ ಆ ಕಾಲಕ್ಕೆ ಲೋಕದಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ ಬಂತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರಕ್ಕೆ ಕರೆಂಟು ಸಾಲದು. ಹಾಗಾಗಬಾರದೆಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಇದ್ದ ಮುಖ್ಯ ಕಾರಣಗಳಲ್ಲೊಂದು. ನಮಗೆ ಕಟ್ಟೆ ಎಂದರೆ ಭತ್ತ, ಕಬ್ಬು. ಅದು ಗಣಿಗೂ ದುಡಿದ ಕಟ್ಟೆ ಎಂಬುದು ಎಷ್ಟು ಜನರಿಗೆ ನೆನಪಿದೆಯೋ! 1940ರಲ್ಲಿ ಅದೇ ಮಳವಳ್ಳಿ ತಾಲೂಕಿನ ಶಿಂಷಾದಲ್ಲಿ ಇನ್ನೊಂದು ವಿದ್ಯುದಾಗಾರವೂ ಆಯಿತು.

ತವರಿನಲ್ಲಿ ಬೆಳೆದ ಬೆಲ್ಲ ತವರಿನವರಿಗೇ ಸಿಕ್ಕಲಿಲ್ಲ ಅಂತಾರಲ್ಲ, ಹಾಗಾಯಿತು. ಮಳವಳ್ಳಿ ಹತ್ತಿರದ ನನ್ನ ಅಜ್ಜಿಯ ಊರಿನಲ್ಲಿ ನನ್ನಮ್ಮ ಮದುವೆಯಾಗಿ ಹೊರಡುವ ತನಕ ಸೀಮೆಎಣ್ಣೆ ಬುಡ್ಡಿಯೇ. ಆಮೇಲೆ ಕರೆಂಟು ಬಂದಾಗಲೂ ಮೊದಲ ಬಲ್ಬು ಜಗಲಿಗೆ, ಎರಡನೆಯದು ನಡುಮನೆಗೆ, ಮೂರನೆಯದು ದನದ ಕೊಟ್ಟಿಗೆಗೆ. ಅಡುಗೆಮನೆಗೆ ದೀಪ ಬಂದದ್ದು ಎಲ್ಲರದೂ ಆದ ಮೇಲೆ. ಹೊಗೆ ಹಿಡಿದ ಕತ್ತಲಲ್ಲಿ ಮುದ್ದೆ ತಿರುವುವವಳಿಗೆ ಬೆಳಕು ಯಾಕೆ, ಕೈಗೇ ಕಣ್ಣಿದೆಯಲ್ಲ ಎಂದಿರಬೇಕು!

ದೀಪ ಬರಲಿ ಬಿಡಲಿ, ಹೆಂಗಸರಿಗೆ ಯಂತ್ರ ಮಾಡಿದ ಮೊದಲ ಉಪಕಾರ ಹಿಟ್ಟಿನ ಮಿಷನ್ನು. ಮಂಡ್ಯದ ಸೀಮೆ ಮುದ್ದೆಯ ಸೀಮೆ. ದಿನಾ ರಾಗಿ ಹಿಟ್ಟಾಗಬೇಕು. ಅದಕ್ಕೆ ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿಗೆ ಎದುರುಬದುರು ಕೂರಬೇಕು. ಬೀಸುವ ಪದಗಳು ಚೆಂದ ಎಂದು ಪುಸ್ತಕ ಮಾಡಿ ಹೊಗಳುತ್ತಾರೆ. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಊರಿಗೆ ಮಿಷನ್ನು ಬಂದಾಗ ಪದ ಹಾಡಲಿಕ್ಕೆಂದು ಕಲ್ಲಿನ ಮುಂದೆ ಕೂತವರು ಯಾರೂ ಇರಲಿಲ್ಲ ಎಂದು ನಮ್ಮಜ್ಜಿ ನಗುತ್ತಿದ್ದರು. ಹೆಗಲ ನೋವು ಅವರಿಗೆ ಸಾಯುವ ತನಕವೂ ಇತ್ತು.

ಬೀಸುವ ಕಲ್ಲು ಹೋದರೂ ಒರಳು ಉಳಿಯಿತು. ಅದನ್ನು ತಿರುಗಿಸುವ ಯಂತ್ರ ಮಾಡಿದ್ದು 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಎನ್ನುತ್ತಾರೆ. ಮಿಕ್ಸಿಯ ಕಥೆ ಇನ್ನೂ ಸ್ವಾರಸ್ಯ. 1960ರ ದಶಕದಲ್ಲಿ ಮುಂಬಯಿಯ ಎಂಜಿನಿಯರ್ ಮಾಥುರ್ ಅವರ ಮನೆಯಲ್ಲಿದ್ದ ಪರದೇಶದ ಮಿಕ್ಸಿ ನಮ್ಮ ದೇಶದ ಮಸಾಲೆ ಅರೆಯಲಾರದೆ ಕೆಟ್ಟಿತಂತೆ. ನಮ್ಮ ಅಡುಗೆಗೆ ತಡೆಯುವಂಥದ್ದನ್ನು ನಾನೇ ಮಾಡುತ್ತೇನೆಂದು ಹೊರಟು ಅವರು ತಂದದ್ದೇ ಸುಮೀತ್. ಹೆಂಡತಿಯ ಅಡುಗೆಮನೆಯ ಕಷ್ಟ ಗಂಡನಿಗೆ ಅರ್ಥವಾದ ಅಪರೂಪದ ಪ್ರಸಂಗ! ಅಂದ ಹಾಗೆ, ಮದ್ದೂರು ವಡೆಗೆ ಈ ಯಾವ ಕಲ್ಲೂ ಬೇಡ, ಮಿಕ್ಸಿಯೂ ಬೇಡ. ನೆನೆಹಾಕಿ ರುಬ್ಬುವ ಕೆಲಸವೇ ಇಲ್ಲ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿದರಾಯಿತು. ರೈಲು ನಿಲ್ಲುವಷ್ಟರಲ್ಲಿ ಮಾರುವ ತಿಂಡಿಗೆ ಅದೇ ಸರಿ.

ಈಗ ಲೆಕ್ಕಕ್ಕೆ ಬರೋಣ. ಸಾವಿರ ವಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಹಳೆಯ 60 ವಾಟ್ ಬಲ್ಬು ಹದಿನಾರು ಹದಿನೇಳು ಗಂಟೆ ಉರಿದರೆ ಒಂದು ಯೂನಿಟ್ಟಾಗುತ್ತಿತ್ತು. ಈಗಿನ 9 ವಾಟಿನ ಎಲ್‌ಇಡಿ ನೂರು ಗಂಟೆ ದಾಟಿಸುತ್ತದೆ. ಮಾಮೂಲಿ ಫ್ಯಾನು ಹದಿಮೂರು ಗಂಟೆಗೆ ಒಂದು ಯೂನಿಟ್. ಮಿಕ್ಸಿ 750 ವಾಟಿನದೆಂದೇ ಇಟ್ಟುಕೊಳ್ಳಿ. ಚಟ್ನಿಗೆ ಬೇಕಾದದ್ದು ಎರಡು ನಿಮಿಷ. ಒಂದು ಯೂನಿಟ್ಟಿನಲ್ಲಿ ನಲವತ್ತು ದಿನದ ಚಟ್ನಿ ಅರೆಯಬಹುದು! 2000 ವಾಟಿನ ಗೀಜರು ಅದೇ ಒಂದು ಯೂನಿಟ್ಟನ್ನು ಅರ್ಧ ಗಂಟೆಯಲ್ಲಿ ನುಂಗುತ್ತದೆ.

ತಿರುಗಿಸುವ ಕೆಲಸಕ್ಕೆ ಕರೆಂಟು ಕೊಂಚ ಸಾಕು, ಕಾಯಿಸುವ ಕೆಲಸಕ್ಕೆ ರಾಶಿ ಬೇಕು. ಗೀಜರು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡು ಎಲ್ಲ ಈ ಎರಡನೆಯ ಜಾತಿ. ಗಟ್ಟಿಮುಟ್ಟಾದ ಆಳು ಗಂಟೆಗಟ್ಟಲೆ ಮಾಡುವ ಮೈಗೆಲಸ ಸುಮಾರು 75 ವಾಟಿಗೆ ಸಮವೆನ್ನುತ್ತಾರೆ. ಬೀಸುವ ಕಲ್ಲಿನ ಮುಂದೆ ಎದುರುಬದುರು ಕೂತ ಇಬ್ಬರು ಹೆಂಗಸರೆಂದರೆ 150 ವಾಟ್, ಅಂದರೆ ಸರಿಯಾಗಿ ಒಂದು ಸಣ್ಣ ಗ್ರೈಂಡರು. ಯಜಮಾನರ ಒಂದು ಸ್ನಾನದ ಯೂನಿಟ್ಟನ್ನು ತೀರಿಸಲು ಆ ಇಬ್ಬರೂ ಆರೂವರೆ ಗಂಟೆ ಕಲ್ಲು ತಿರುಗಿಸಬೇಕಾಗುತ್ತಿತ್ತು. ಇದನ್ನು ಲೆಕ್ಕ ಹಾಕಿದ ದಿನ ಅಜ್ಜಿಯ ಹೆಗಲು ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇನ್ನೂ ಒಂದು ತಮಾಷೆ ಕೇಳಿ. 1902ರ ಶಿವನಸಮುದ್ರದ ಆರು ಯಂತ್ರಗಳ ಶಕ್ತಿ ಒಟ್ಟು ಸುಮಾರು 4,300 ಕಿಲೋವಾಟ್. ಚಿನ್ನದ ಗಣಿಯನ್ನೇ ನಡೆಸಿದ ಆ ಶಕ್ತಿ ಇವತ್ತು ಎರಡು ಸಾವಿರದ ನೂರೈವತ್ತು ಗೀಜರುಗಳಿಗೆ ಸರಿಹೋಗುತ್ತದೆ, ಅಷ್ಟೇ. ಪುಷ್ಯದ ಚಳಿಯಲ್ಲಿ ಬೆಳಿಗ್ಗೆ ಆರಕ್ಕೆ ಮಂಡ್ಯದ ಕೆಲವೇ ಬಡಾವಣೆಗಳು ಅದನ್ನು ಮುಗಿಸಿಬಿಟ್ಟಾವು.

2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂದಾಗ ಈ ಬೈಗುಳ ಕಡಿಮೆಯಾಯಿತು. 200 ಯೂನಿಟ್ ತನಕ ಉಚಿತವೆಂದು ಎಲ್ಲರೂ ಹೇಳಿದರೂ ಒಳಗೊಂದು ಲೆಕ್ಕವಿತ್ತು: ಹಿಂದಿನ ವರ್ಷ ಸರಾಸರಿ ಎಷ್ಟು ಬಳಸಿದ್ದೀರೋ ಅಷ್ಟು, ಅದರ ಮೇಲೆ ನೂರಕ್ಕೆ ಹತ್ತು. ಗೀಜರು, ಫ್ರಿಜ್ಜು ಇಟ್ಟುಕೊಂಡು 150 ಯೂನಿಟ್ ಬಳಸಿದ ಮನೆಗೆ 165. ಜೀವಮಾನವಿಡೀ ಸ್ವಿಚ್ಚು ಆರಿಸುತ್ತಲೇ ಬದುಕಿದ, 20 ಯೂನಿಟ್ಟಿನ ಹಳ್ಳಿಯ ಮುದುಕಿಗೆ 22. ಮಿತವಾಗಿ ಇದ್ದವಳಿಗೆ ಸಿಕ್ಕ ಬಹುಮಾನ ಎರಡು ಯೂನಿಟ್! 2024ರಲ್ಲಿ ಇದನ್ನು ಸರಿಮಾಡಿದರು. ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇಕಡಾ ಲೆಕ್ಕ ಬಿಟ್ಟು ಹತ್ತು ಯೂನಿಟ್ಟನ್ನೇ ಹೆಚ್ಚಿಗೆ ಕೊಟ್ಟರು.

ಹತ್ತು ಯೂನಿಟ್ ಎಂದರೆ ಮೂಗು ಮುರಿಯುವವರಿದ್ದಾರೆ. ಊರಿನಲ್ಲಿರುವ ನಮ್ಮ ಚಿಕ್ಕಮ್ಮ ಮಾತ್ರ ಅದೇ ಧೈರ್ಯದ ಮೇಲೆ ಒಂದು ಗ್ರೈಂಡರು ಕೊಂಡರು. ದಿನಾ ಒಂದೂವರೆ ಗಂಟೆ ತಿರುಗಿಸಿದರೂ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಉಳಿದ ಎರಡೂವರೆಯಲ್ಲಿ ನೂರು ಚಟ್ನಿ ಆಗುತ್ತದೆ ಎಂದು ನಾನು ಫೋನಿನಲ್ಲಿ ಹೇಳಿದೆ. 'ನೂರು ಚಟ್ನಿ ತಿನ್ನೋರು ಯಾರಿದಾರವ್ವ ಈ ಮನೇಲಿ?' ಎಂದರು ಚಿಕ್ಕಮ್ಮ.