ಗಂಗಾಮೂಲದ ಮಗಳು ತೆರೆದ ಬಾಗಿಲು

ಜಾವಗಲ್ಲಿನ ನಮ್ಮ ಹಳೆಯ ಮನೆಯಲ್ಲಿ, ಹಿತ್ತಲ ಕಡೆಗೆ, ಕಿಟಕಿಯಿಲ್ಲದ ಕೋಣೆಯೊಂದಿತ್ತು. ಮನೆಯವರೆಲ್ಲ ಅದನ್ನು 'ಅತ್ತೆಯ ಕೋಣೆ' ಎನ್ನುತ್ತಿದ್ದರು. ಆ ಅತ್ತೆ ನನ್ನ ತಾತನ ಸೋದರತ್ತೆ; ನಾನು ಅವರನ್ನು ಕಂಡವನಲ್ಲ. ಒಂಬತ್ತನೆಯ ವಯಸ್ಸಿಗೆ ವಿಧವೆಯಾದ ಆಕೆ, ಪ್ರಾಯಕ್ಕೆ ಬಂದಮೇಲೆ ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಉಳಿದ ಆಯುಷ್ಯವನ್ನೆಲ್ಲ ಅಲ್ಲಿಯೇ ಕಳೆದರಂತೆ. ಅನ್ನಕ್ಕೆ ಕೊರತೆಯಿರಲಿಲ್ಲ, ಹೋಗಲು ಬೇರೊಂದು ಬಾಗಿಲಿರಲಿಲ್ಲ.

ಅಂಥ ಬಾಗಿಲೊಂದನ್ನು ತೆರೆದ ಹೆಣ್ಣುಮಗಳು ಹುಟ್ಟಿದ್ದು ನಮಗೆ ಬಹು ದೂರದಲ್ಲೇನೂ ಅಲ್ಲ. ಜಾವಗಲ್ಲಿನಿಂದ ಹಳೇಬೀಡು, ಬೇಲೂರು, ಚಿಕ್ಕಮಗಳೂರುಗಳನ್ನು ದಾಟಿ ಘಟ್ಟದ ಕಡೆಗೆ ಹೋದರೆ ತುಂಗಭದ್ರೆಯರ ಉಗಮವಾದ ಗಂಗಾಮೂಲ. ಕಾರ್ಕಳದ ಬಳಿಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸುವ ಹಟ ತೊಟ್ಟು, ಜನರ ವಿರೋಧವನ್ನು ಕಟ್ಟಿಕೊಂಡು, ಆ ಕಾಡಿನಲ್ಲಿ ನೆಲೆಸಿದ್ದರು. 1858ರಲ್ಲಿ ಅಲ್ಲಿ ಹುಟ್ಟಿದ ಮಗುವೇ ಪಂಡಿತಾ ರಮಾಬಾಯಿ.

ಮುಂದೆ ಆ ಸಂಸಾರ ಪುರಾಣ ಹೇಳುತ್ತ ಊರೂರು ಅಲೆಯಿತು. 1870ರ ದಶಕದ ಬರಗಾಲದಲ್ಲಿ ರಮಾಬಾಯಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. 1882ರಲ್ಲಿ ಗಂಡನೂ ತೀರಿಕೊಂಡು, ಕೈಗೂಸಿನೊಡನೆ ವಿಧವೆಯಾದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಬಳಿಕ ಅಮೆರಿಕದಲ್ಲಿ ಊರೂರು ಸುತ್ತಿ, ಹಿಂದೂ ವಿಧವೆಯರ ಸ್ಥಿತಿಯನ್ನು ಸಭೆಗಳ ಮುಂದಿಟ್ಟರು. 1887ರಲ್ಲಿ ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೊಂದು ಹುಟ್ಟಿ, ಹತ್ತು ವರ್ಷ ಹಣ ಕಳುಹಿಸುವ ಹೊಣೆ ಹೊತ್ತಿತು. ಅದರ ಬಲದಿಂದ 1889ರಲ್ಲಿ ಮುಂಬಯಿಯಲ್ಲಿ 'ಶಾರದಾ ಸದನ' ತೆರೆಯಿತು. ಮರುವರ್ಷ ಪುಣೆಗೆ ಸ್ಥಳಾಂತರವಾಯಿತು.

ಸದನದಲ್ಲಿ ಮತಬೋಧೆ ಕೂಡದೆಂಬುದು ಕರಾರು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಗುಲ್ಲೆದ್ದಿತು. ರಾನಡೆ, ಭಂಡಾರಕರರಂಥ ಸಲಹೆಗಾರರು ದೂರ ಸರಿದರು. ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ಆತಂಕವನ್ನು ಬರಿಯ ಮೂಢತನವೆಂದು ತಳ್ಳಿಹಾಕಲಾಗದು. ಮುಂದೆ ಅವರು ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಕಟ್ಟಿದ 'ಮುಕ್ತಿ' ಕ್ರೈಸ್ತ ಸಂಸ್ಥೆಯೇ ಆಯಿತು. ಅಲ್ಲಿ ಅನೇಕರು ಮತಾಂತರ ಹೊಂದಿದರು. ಆದರೆ 1896ರ ಬರದಲ್ಲಿ ಮಧ್ಯಪ್ರಾಂತ್ಯದಿಂದ, 1900ರ ಬರದಲ್ಲಿ ಗುಜರಾತಿನಿಂದ ನೂರಾರು ಅನಾಥ ಬಾಲೆಯರನ್ನು ಕರೆತಂದು, ಅನ್ನವಿತ್ತು, ಓದಿನೊಡನೆ ನೇಯ್ಗೆ, ಮುದ್ರಣಗಳನ್ನು ಕಲಿಸಿದವರೂ ಅವರೇ. ಹಸಿವೆಂದರೇನೆಂದು ಅವರು ಪುಸ್ತಕದಿಂದ ಅರಿತವರಲ್ಲ.

ಸಂಶಯಕ್ಕೆ ಸರಿಯಾದ ಉತ್ತರ ಕೊಟ್ಟವರು ಧೋಂಡೋ ಕೇಶವ ಕರ್ವೆಯವರು. ಶಾರದಾ ಸದನದ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ವಿಧವೆ ಗೋದೂಬಾಯಿಯವರನ್ನು ಅವರು 1893ರಲ್ಲಿ ಮದುವೆಯಾದರು. 1896ರಲ್ಲಿ ಹಿಂದೂ ವಿಧವೆಯರಿಗಾಗಿ ತಾವೇ ಒಂದು ಆಶ್ರಮ ತೆರೆದರು. ಪರರ ಬಾಗಿಲು ಒಪ್ಪದಿದ್ದರೆ ನಮ್ಮದೊಂದನ್ನು ತೆರೆಯಬೇಕು. ಹುಡುಗಿಯನ್ನು ಮತ್ತೆ ಹಿತ್ತಲ ಕೋಣೆಗೆ ಅಟ್ಟುವುದು ಉತ್ತರವಾಗದು.

ಕನ್ನಡ ನಾಡಿನ ನಂಟನ್ನು ರಮಾಬಾಯಿಯವರು ಕೊನೆಗಾಲದಲ್ಲಿ ಮತ್ತೆ ಬೆಸೆದರು. ಮಗಳು ಮನೋರಮಾ ಅವರೊಡಗೂಡಿ, 1912ರ ಸುಮಾರಿಗೆ, ಅಂದು ನಿಜಾಮರ ಸೀಮೆಯಾಗಿದ್ದ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ಸ್ಥಾಪಿಸಿದರು. ಮಗಳು 1921ರಲ್ಲಿ ತೀರಿಕೊಂಡರು. ಮರುವರ್ಷ ತಾಯಿಯೂ ಕಣ್ಣುಮುಚ್ಚಿದರು. ಮುಕ್ತಿ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ನಮ್ಮ ಹಳೆಯ ಮನೆಯನ್ನು ಈಚೆಗೆ ಕೆಡವಿದರು. ಅತ್ತೆಯ ಕೋಣೆಯ ಗೋಡೆ ಬಿದ್ದ ದಿನ ಅಲ್ಲಿಗೆ ಮೊದಲ ಬಾರಿ ಬಿಸಿಲು ಬಂದಿತ್ತು. ಆಕೆಯ ಹೆಸರೇನೆಂದು ಊರಿನಲ್ಲಿ ಹಿರಿಯರನ್ನು ವಿಚಾರಿಸಿದೆ. ಯಾರಿಗೂ ನೆನಪಿರಲಿಲ್ಲ.