ವಿನ್‌ಕ್ರಿಸ್ಟಿನ್ ದುರಂತ ಮತ್ತು ಕಿರಿಯ ವೈದ್ಯನ ಪ್ರಶ್ನೆ

ವೈದ್ಯಕೀಯ ಪ್ರಮಾದದ ಕಾರಣವನ್ನು ಪ್ರಮಾದ ಎಸಗಿದ ವೈದ್ಯನಲ್ಲಿ ಮಾತ್ರ ಹುಡುಕುವ ರೂಢಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ವಿನ್‌ಕ್ರಿಸ್ಟಿನ್ ಔಷಧದ ಇತಿಹಾಸವೇ ಸಾಕ್ಷಿ. ಕನ್ನಡ ನಾಡಿನ ಅಂಗಳಗಳಲ್ಲೂ ಅರಳುವ ನಿತ್ಯಪುಷ್ಪದ ಗಿಡದಿಂದ ದೊರೆಯುವ ಈ ಔಷಧ ರಕ್ತನಾಳಕ್ಕೆ ಸೇರಿದರೆ ಜೀವ ಉಳಿಸುತ್ತದೆ; ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೆ ಸೇರಿದರೆ ನರಮಂಡಲವನ್ನು ಹಾಳುಗೆಡವಿ ಬಹುತೇಕ ಸಾವನ್ನೇ ತರುತ್ತದೆ. ಇಂಥ ಸಾವೊಂದು 1968ರಲ್ಲೇ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿತ್ತು. ಬ್ರಿಟನ್ನಿನ ಆರೋಗ್ಯ ಇಲಾಖೆ 2000ರಲ್ಲಿ ಪ್ರಕಟಿಸಿದ ವರದಿಯೊಂದು, ಬೆನ್ನುಹುರಿಗೆ ತಪ್ಪು ಔಷಧ ಚುಚ್ಚಿದ್ದರಿಂದ 1985ರಿಂದೀಚೆಗೆ ಕನಿಷ್ಠ 13 ಮಂದಿ ಸತ್ತಿದ್ದಾರೆ ಇಲ್ಲವೇ ಪಾರ್ಶ್ವವಾಯುವಿಗೆ ತುತ್ತಾಗಿದ್ದಾರೆ ಎಂದು ಹೇಳಿ, 2001ರ ಕೊನೆಯೊಳಗೆ ಈ ಸಂಖ್ಯೆ ಸೊನ್ನೆಗಿಳಿಯಬೇಕೆಂಬ ಗುರಿಯಿಟ್ಟಿತು.

2001 ಆರಂಭವಾದ ನಾಲ್ಕನೆಯ ದಿನವೇ ನಾಟಿಂಗ್‌ಹ್ಯಾಮ್‌ನ ಕ್ವೀನ್ಸ್ ಮೆಡಿಕಲ್ ಸೆಂಟರ್‌ನಲ್ಲಿ 18 ವರ್ಷದ ರೋಗಿಯೊಬ್ಬನ ಬೆನ್ನಿಗೆ ವಿನ್‌ಕ್ರಿಸ್ಟಿನ್ ಚುಚ್ಚಲಾಯಿತು. ಮುಂದಿನ ತಿಂಗಳು ಅವನು ತೀರಿಕೊಂಡನು. ಬೆನ್ನಿಗೆ ಕೊಡಬೇಕಾದ ಸೈಟರಾಬಿನ್ ಔಷಧ ಮತ್ತು ರಕ್ತನಾಳಕ್ಕೆ ಕೊಡಬೇಕಾದ ವಿನ್‌ಕ್ರಿಸ್ಟಿನ್ ಎರಡೂ ವಾರ್ಡಿನಲ್ಲಿ ಒಂದೇ ಹೊತ್ತಿಗೆ ಸಿಗುವಂತಿದ್ದವು. ಮೇಲ್ವಿಚಾರಣೆಯ ಹೊಣೆ ಹೊತ್ತ ರಿಜಿಸ್ಟ್ರಾರ್, ಅಂದರೆ ತಜ್ಞತೆಯ ತರಬೇತಿಯಲ್ಲಿದ್ದ ವೈದ್ಯ, ಆ ವಿಭಾಗಕ್ಕೆ ತೀರ ಹೊಸಬನಾಗಿದ್ದನು. ಸೂಜಿ ಹಿಡಿದಿದ್ದ ಕಿರಿಯ ವೈದ್ಯನಿಗೆ ಅನುಮಾನ ಬಂದು, ವಿನ್‌ಕ್ರಿಸ್ಟಿನ್ ಅನ್ನು ಬೆನ್ನಿಗೇ ಕೊಡಬೇಕೇ ಎಂದು ಕೇಳಿದನು. ಹೌದೆಂಬ ಉತ್ತರ ಬಂದ ಮೇಲೆ ಹಿರಿಯನಿಗೆ ಎದುರಾಡುವುದು ತನ್ನ ಸ್ಥಾನಕ್ಕೆ ಸಲ್ಲದೆಂದು ಭಾವಿಸಿ ಚುಚ್ಚಿದನು. ಸರಿಯಾದ ಪ್ರಶ್ನೆ ಸರಿಯಾದ ಕ್ಷಣದಲ್ಲೇ ಎದ್ದಿತ್ತೆಂಬುದು ಈ ಪ್ರಕರಣದ ಅತ್ಯಂತ ಕಹಿ ಅಂಶ. 2003ರಲ್ಲಿ ರಿಜಿಸ್ಟ್ರಾರ್‌ಗೆ ಸೆರೆವಾಸದ ಶಿಕ್ಷೆಯಾಯಿತು. ಆದರೆ ಸರಕಾರ ನೇಮಿಸಿದ ಬ್ರಯನ್ ಟಾಫ್ಟ್ ಅವರ ತನಿಖೆ, ಅದಕ್ಕೂ ಮೊದಲೇ, ವಾರ್ಡಿನ ಪದ್ಧತಿ, ಹೊಸಬರ ತರಬೇತಿ ಹಾಗೂ ಸಲಕರಣೆಗಳ ವಿನ್ಯಾಸದಲ್ಲಿದ್ದ ಲೋಪಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿತ್ತು.

ಇಂಥ ಲೋಪಗಳನ್ನು ಗುರುತಿಸಲೆಂದೇ ಉಪಕರಣ, ಪರಿಸರ, ದಣಿವು, ಅಧಿಕಾರದ ಶ್ರೇಣಿ ಇವು ಮನುಷ್ಯನ ಸಾಮರ್ಥ್ಯಕ್ಕೆ ಹೇಗೆ ಹೊಂದುತ್ತವೆಂದು ಪರಿಶೀಲಿಸುವ ‘ಹ್ಯೂಮನ್ ಫ್ಯಾಕ್ಟರ್ಸ್’ ಶಾಸ್ತ್ರ ಬೆಳೆದದ್ದು ಆಸ್ಪತ್ರೆಯಲ್ಲಲ್ಲ, ವಿಮಾನದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್‌ನ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದುದಕ್ಕೆ ಅಕ್ಕಪಕ್ಕದಲ್ಲಿದ್ದ, ನೋಡಲು ಒಂದೇ ಬಗೆಯ ಹಿಡಿಗಳು ಕಾರಣವೆಂದು ಮನೋವಿಜ್ಞಾನಿ ಆಲ್ಫಾನ್ಸ್ ಚಪಾನಿಸ್ ಕಂಡುಕೊಂಡು, ಮುಟ್ಟಿದರೇ ವ್ಯತ್ಯಾಸ ತಿಳಿಯುವ ಆಕಾರಗಳನ್ನು ಸೂಚಿಸಿದರು. ಸಿರಿಂಜಿನ ಕಥೆಯೂ ಇದೇ: 19ನೆಯ ಶತಮಾನದಿಂದ ಬಂದ ಲ್ಯೂಯರ್ ಜೋಡಣೆ, ಅಂದರೆ ಸಿರಿಂಜಿನ ಶಂಕುವಿನಾಕಾರದ ತುದಿ, ರಕ್ತನಾಳದ ಸೂಜಿಗೂ ಬೆನ್ನಿನ ಸೂಜಿಗೂ ಸಮಾನವಾಗಿ ಕೂರುತ್ತಿತ್ತು. ಲೇಬಲ್ಲಿನ ಎಚ್ಚರಿಕೆಯ ಮಾತು ಇದನ್ನು ತಡೆಯಲಾರದೆಂದು ಒಪ್ಪಿಕೊಳ್ಳಲು ವೈದ್ಯಲೋಕ ಅನಗತ್ಯವಾಗಿ ತಡಮಾಡಿತು. ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜಿನ ಬದಲು, ಬೆನ್ನಿಗೆ ಚುಚ್ಚಲಾಗದಷ್ಟು ದ್ರವವಿರುವ ಸಣ್ಣ ಚೀಲದಲ್ಲಿ ಬೆರೆಸಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದು 2007ರಲ್ಲಿ. ರಕ್ತನಾಳದ ಸಿರಿಂಜು ಕೂರದಂಥ ಬೆನ್ನಿನ ಸೂಜಿಗೆ ಅಂತರರಾಷ್ಟ್ರೀಯ ಮಾನದಂಡ ಪ್ರಕಟವಾದದ್ದು 2016ರಲ್ಲಿ, ಮೊದಲ ಸಾವು ದಾಖಲಾದ 48 ವರ್ಷಗಳ ಬಳಿಕ.